ಟ್ಯಾಂಕಿನ ಹೊಟ್ಟೆಗೆ ಬೆಸುಗೆ, ನೆತ್ತಿಗೆ ಬೇಡ

ಗುಜರಿಯಿಂದ ತಂದ ಜಾವಾ ಟ್ಯಾಂಕನ್ನು ಯೆಜ್ಡಿ ರೋಡ್‌ಕಿಂಗ್ ಚಾಸಿಯ ಮೇಲೆ ಕೂರಿಸಬೇಕೆಂಬ ಆಸೆ ಹೊತ್ತ ಹುಡುಗರು ನಮ್ಮೂರಿನಲ್ಲಿ ಆಗಾಗ ಸಿಗುತ್ತಾರೆ. ಆ ಆಸೆ ನನಗೂ ಇದೆ. ದೂರದಿಂದ ಬರುವ ಗಾಡಿ ಯಾವುದೆಂದು ಅದರ ಸದ್ದು ಹೇಳುತ್ತದೆ, ಹತ್ತಿರ ಬಂದು ನಿಂತ ಮೇಲೆ ಟ್ಯಾಂಕ್ ಹೇಳುತ್ತದೆ. ಜಾವಾ 250ರ ಟ್ಯಾಂಕ್ ನೋಡಿ: ಮೆರೂನ್ ಬಣ್ಣದ ನೆತ್ತಿ, ಎರಡೂ ಪಕ್ಕಕ್ಕೆ ಕ್ರೋಮ್, ಮೊಣಕಾಲು ಒತ್ತುವ ಕಡೆ ರಬ್ಬರ್ ಪ್ಯಾಡ್, ಕ್ರೋಮ್ ಮುಗಿದು ಬಣ್ಣ ಶುರುವಾಗುವ ಅಂಚಿಗೆ ಬಂಗಾರದ ಗೆರೆ. ಇನ್ನೂ ಹಳೆಯ ಮಾಡೆಲ್ ಆದರೆ ಕೀಲಿ ತಿರುಗಿಸುವ ಬೀಗವೂ ನೆತ್ತಿಯ ಮೇಲೇ. ಟ್ಯಾಂಕ್ ಇಗ್ನಿಷನ್ ಜಾವಾ ಎಂದರೆ ಇವತ್ತಿಗೂ ಹಳಬರು ಮಾತು ನಿಲ್ಲಿಸಿ ತಿರುಗಿ ನೋಡುತ್ತಾರೆ.

ಇದೆಲ್ಲ ತಯಾರಾಗುತ್ತಿದ್ದದ್ದು ಮೈಸೂರಿನ ಯಾದವಗಿರಿಯಲ್ಲಿ. ಮುಂಬಯಿಯಲ್ಲಿ ಜಾವಾ ಆಮದು ಮಾಡಿ ಮಾರುತ್ತಿದ್ದ ರುಸ್ತುಂ ಇರಾನಿಯವರು ಫರೋಖ್ ಇರಾನಿಯವರ ಜೊತೆ ಸೇರಿ ಐಡಿಯಲ್ ಜಾವಾ ಕಟ್ಟಿದರು. 1961ರಲ್ಲಿ ಇಲ್ಲಿಂದ ಗಾಡಿಗಳು ಹೊರಬರತೊಡಗಿದವು. 1973ರಿಂದ ಯೆಜ್ಡಿ ಹೆಸರು, 1978ರಲ್ಲಿ ರೋಡ್‌ಕಿಂಗ್, 1996ರಲ್ಲಿ ಬೀಗ. ಆಮೇಲೆ ಆ ಕಾರ್ಖಾನೆಯಲ್ಲಿ ಒಂದು ತಗಡೂ ಒತ್ತಿಲ್ಲ. ಹೊರಗೆ ಮಾಡಿದ ನಕಲು ಟ್ಯಾಂಕ್ ಸಿಗುತ್ತದೆ, ಕೆಲಸಕ್ಕೂ ಬರುತ್ತದೆ. ಆದರೆ ಕ್ಯಾಪಿನ ಸುತ್ತಲಿನ ಭುಜ ಇಳಿದು ಮೊಣಕಾಲಿನ ಕಡೆ ತಿರುಗುವ ಜಾಗದಲ್ಲಿ ನಕಲಿಗೂ ಅಸಲಿಗೂ ಇರುವ ಅಂತರ ಕೈಯಾಡಿಸಿದರೆ ತಿಳಿದುಬಿಡುತ್ತದೆ.

ಹಾಗಾಗಿ ಈ ಅಂಕಣದಲ್ಲಿ ನಾನು ಹಿಡಿಯುವ ಪಟ್ಟು ಒಂದೇ. ಕೊಯ್ಯುವುದಿದ್ದರೆ ಟ್ಯಾಂಕಿನ ಹೊಟ್ಟೆಯನ್ನು ಕೊಯ್ಯಿರಿ, ಕೂತ ಮೇಲೆ ಯಾರ ಕಣ್ಣಿಗೂ ಬೀಳದ ಕೆಳಭಾಗವನ್ನು. ನೆತ್ತಿ ಮತ್ತು ಪಕ್ಕದ ತಗಡಿಗೆ ಕತ್ತರಿ ಹಾಕಬೇಡಿ. ಅದಕ್ಕೂ ಮೊದಲು, ಕೆಟ್ಟ ಟ್ಯಾಂಕನ್ನೇ ಆರಿಸಿ. ಕ್ರೋಮ್ ಚೆನ್ನಾಗಿ ಉಳಿದಿರುವ, ಸೋರದ ಟ್ಯಾಂಕ್ ಸಿಕ್ಕಿದರೆ ಅದು ಯಾವುದೋ ಜಾವಾ ಮಾಲೀಕ ವರ್ಷಗಟ್ಟಲೆ ಹುಡುಕುತ್ತಿರುವ ಟ್ಯಾಂಕ್, ಅವರಿಗೆ ಕೊಟ್ಟುಬಿಡಿ. ಕ್ರೋಮ್ ಸಿಪ್ಪೆಯೆದ್ದ, ಹೊಟ್ಟೆ ತೂತಾದ, ಆದರೆ ನೆತ್ತಿಗೆ ಪೆಟ್ಟು ಬೀಳದ ಟ್ಯಾಂಕ್ ನಿಮ್ಮದು.

ಒಂದು ಗಾಡಿಯ ಟ್ಯಾಂಕ್ ಇನ್ನೊಂದಕ್ಕೆ ಹಾಕುವುದು ಅಪಚಾರವೇನಲ್ಲ. ಹಾರ್ಲೆ ಡೇವಿಡ್‌ಸನ್ ಕಂಪನಿಯೇ ಆ ಕೆಲಸ ಮಾಡಿತು. ಯುದ್ಧ ಮುಗಿದ ಮೇಲೆ ಜರ್ಮನಿಯ ಡಿಕೆಡಬ್ಲ್ಯು ಆರ್‌ಟಿ 125 ನೋಡಿ ಅವರು ಪುಟ್ಟ ಟು-ಸ್ಟ್ರೋಕ್ ಒಂದನ್ನು ತಂದರು. ಅದರ ಸಣ್ಣ ಟ್ಯಾಂಕನ್ನು 1958ರಲ್ಲಿ ಸ್ಪೋರ್ಟ್‌ಸ್ಟರ್ ಎಕ್ಸ್‌ಎಲ್‌ಸಿಎಚ್ ಎಂಬ ದೊಡ್ಡ ಗಾಡಿಗೆ ಕೂರಿಸಿದರು. ಪೀನಟ್ ಟ್ಯಾಂಕ್ ಎಂದು ಜಗತ್ತೆಲ್ಲ ಕರೆಯುವುದು ಅದನ್ನೇ. ಅಳತೆ ಒಪ್ಪಿತು, ರೂಪ ನಿಂತಿತು.

ನಮ್ಮ ಕೆಲಸದಲ್ಲಿ ಅಳತೆ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಟ್ಯಾಂಕನ್ನು ಬೋರಲು ಹಾಕಿದರೆ ನಡುವೆ ಉದ್ದಕ್ಕೆ ಒಂದು ಕಾಲುವೆ ಕಾಣುತ್ತದೆ. ಚಾಸಿಯ ಬೆನ್ನಿನ ಪೈಪು ಕೂರುವ ಜಾಗ. ಮಾಡೆಲ್ ಬದಲಾದರೆ ಪೈಪಿನ ದಪ್ಪ, ಇಳಿಜಾರು, ಟ್ಯಾಂಕ್ ಹಿಡಿಯುವ ಕಿವಿಗಳ ಜಾಗ ಎಲ್ಲವೂ ಬದಲು. ಮೊದಲು ರಟ್ಟು ಕತ್ತರಿಸಿ ಕಾಲುವೆಯ ಆಕಾರಕ್ಕೆ ಅಚ್ಚು ಮಾಡಿ, ಅದನ್ನು ಚಾಸಿಯ ಮೇಲಿಟ್ಟು ನೋಡಿ. ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಕ್ಲಚ್ ಲಿವರ್ ಟ್ಯಾಂಕಿಗೆ ತಾಗಬಾರದು, ಕೇಬಲ್ ಅಡಿಯಲ್ಲಿ ಸಿಕ್ಕಿ ನಲುಗಬಾರದು. ಎಷ್ಟೋ ಸಲ ಹಿಂದಿನ ಕಿವಿಯೊಂದನ್ನು ಹೊಸದಾಗಿ ಮಾಡಿ, ಮುಂದೆ ದಪ್ಪ ರಬ್ಬರ್ ಬುಷ್ ಕೊಟ್ಟರೆ ಕೊಯ್ಯುವ ಪ್ರಮೇಯವೇ ಬರುವುದಿಲ್ಲ. ರಬ್ಬರ್ ಮಾತ್ರ ಬೇಕೇ ಬೇಕು. ಒಂಟಿ ಸಿಲಿಂಡರಿನ ನಡುಕ ಬಿಗಿಯಾಗಿ ಬೋಲ್ಟ್ ಮಾಡಿದ ಟ್ಯಾಂಕಿನ ಕಿವಿಯನ್ನು ಬುಡದಲ್ಲೇ ಸೀಳುತ್ತದೆ.

ಟ್ಯಾಂಕ್ ಅಗಲವಾಯಿತು, ನಡುವೆ ಒಂದು ಪಟ್ಟಿ ತೆಗೆದು ಕೂಡಿಸೋಣ ಎನ್ನುವವರೂ ಇದ್ದಾರೆ. ಲೆಕ್ಕ ಹಾಕಿ ನೋಡೋಣ. ಎರಡೂವರೆ ಸೆಂಟಿಮೀಟರ್ ಅಗಲದ ಪಟ್ಟಿ, 45 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಎತ್ತರ: ಎರಡು ಲೀಟರ್ ಜಾಗ ಹೋಯಿತು. ಲೀಟರಿಗೆ 30 ಕಿಲೋಮೀಟರ್ ಕೊಡುವ ಗಾಡಿಯಾದರೆ ಮೈಸೂರಿನಿಂದ ಗುಂಡ್ಲುಪೇಟೆ ಮುಟ್ಟುವಷ್ಟು ಪೆಟ್ರೋಲ್ ಅದು. ಜೊತೆಗೆ ನೆತ್ತಿಯುದ್ದಕ್ಕೂ ಬೆಸುಗೆ. ತೆಳು ತಗಡು ಅಷ್ಟುದ್ದ ಬಿಸಿ ತಿಂದರೆ ಅಲೆಯಲೆಯಾಗಿ ಏಳುತ್ತದೆ. ಅದನ್ನು ಮುಚ್ಚಲು ಪುಟ್ಟಿ ಮೆತ್ತಬೇಕು. ಮೆತ್ತಿದ ಪುಟ್ಟಿ ಎರಡು ಬೇಸಿಗೆ ಕಳೆಯುವುದರೊಳಗೆ ಬಿರುಕು ಬಿಡುತ್ತದೆ. ನಾನು ಕೆಲಸ ಕೊಡುವ ಟಿಂಕರ್ ಸಾಹೇಬರು ಪಕ್ಕದ ಕ್ರೋಮಿನ ಮೇಲೆ ಬೆರಳಾಡಿಸಿ ಹೇಳಿದ್ದೂ ಇದನ್ನೇ: “ಮೇಲ್ಗಡೆ ಮುಟ್ಟೋದು ಬೇಡ ಸಾರ್. ಕೆಳಗೆ ಏನ್ ಬೇಕಾದ್ರೂ ಮಾಡಿಕೊಡ್ತೀನಿ.” ಕ್ರೋಮಿಗೆ ಬಿಸಿ ತಾಗಿದರೆ ನೀಲಿಗಟ್ಟುತ್ತದೆ, ಬೆಸುಗೆಯ ಶಾಖಕ್ಕೆ ಅದರಿಂದ ಏಳುವ ಹೊಗೆ ಮೈಗೆ ವಿಷ. ಅವರ ಮಾತಿನ ಹಿಂದೆ ಇಷ್ಟೂ ಅನುಭವವಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ನಿಧಾನವಾಗಿ ಓದಿ. ಹಳೆ ಟ್ಯಾಂಕಿಗೆ ಬೆಂಕಿ ತೋರಿಸುವುದು ಜೀವದ ಪ್ರಶ್ನೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇಕಡಾ 1.4ರಿಂದ 7.6ರವರೆಗೆ ಬೆರೆತಿದ್ದರೆ ಕಿಡಿ ತಾಗಿದ ಕೂಡಲೇ ಸಿಡಿಯುತ್ತದೆ. ಹದಿಮೂರು ಲೀಟರಿನ ಟ್ಯಾಂಕಿನೊಳಗೆ ಆ ಹದ ಬರಲು ಒಂದೆರಡು ಮಿಲಿಲೀಟರ್ ಪೆಟ್ರೋಲ್ ಆವಿಯಾದರೆ ಸಾಕು. ಅಷ್ಟು ಪೆಟ್ರೋಲ್ ಒಳಗಿನ ತುಕ್ಕಿನ ಪದರದಲ್ಲಿ, ತಗಡಿನ ಮಡಿಕೆಯಲ್ಲಿ, ಗಟ್ಟಿಯಾದ ಹಳೆ ಎಣ್ಣೆಯಲ್ಲಿ ಅಡಗಿ ಕೂತಿರುತ್ತದೆ. ಹತ್ತು ವರ್ಷ ಗುಜರಿಯಲ್ಲಿ ಬಿದ್ದಿತ್ತು, ವಾಸನೆಯೇ ಇಲ್ಲ ಎಂದು ನಂಬಬೇಡಿ. ಜ್ವಾಲೆ ತಾಗಿದಾಗ ತಗಡು ಬಿಸಿಯಾಗಿ ಅಡಗಿದ್ದದ್ದು ಹೊರಬರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ ಬೇರೆ, ಮುಚ್ಚಳ ತೆಗೆದಿಟ್ಟ ಮಾತ್ರಕ್ಕೆ ಹಾರಿಹೋಗುವುದಿಲ್ಲ, ತಳ ಹಿಡಿದು ನಿಲ್ಲುತ್ತದೆ.

ಪೆಟ್ರೋಲ್ ಕಾಕ್, ಕ್ಯಾಪ್ ಬಿಚ್ಚಿ, ಬಿಸಿನೀರು ಮತ್ತು ಸೋಪಿನ ಪುಡಿ ಹಾಕಿ, ನೀರಿನಲ್ಲಿ ಎಣ್ಣೆಯ ಬಣ್ಣ ಕಾಣದಾಗುವವರೆಗೆ ಮತ್ತೆ ಮತ್ತೆ ಕುಲುಕಿ ತೊಳೆಯಿರಿ. ಆಮೇಲೂ ಖಾಲಿ ಟ್ಯಾಂಕಿಗೆ ಬೆಸುಗೆ ಹಾಕಬಾರದು. ಕ್ಯಾಪಿನ ಬಾಯಿಯನ್ನು ನೀರು ಸೋರದಂತೆ ಮುಚ್ಚಿ, ಟ್ಯಾಂಕನ್ನು ಬೋರಲು ಮಲಗಿಸಿ, ಕಾಕ್ ಕೂರುವ ತೂತಿನಿಂದ ನೀರು ತುಂಬಿ. ಬೆಸುಗೆ ಬೀಳುವ ಜಾಗಕ್ಕೆ ಒಂದೆರಡು ಬೆರಳು ಕೆಳಗಿನವರೆಗೆ ನೀರು ಬರಬೇಕು. ಉಳಿದ ಜಾಗದಲ್ಲಿ ಆವಿ ಕೂಡಿಕೊಳ್ಳಲು ಎಡೆಯೇ ಇರಬಾರದು. ಕಾಕಿನ ತೂತು ತೆರೆದೇ ಇರಲಿ, ಬಿಸಿ ಗಾಳಿ ಹೊರಹೋಗಬೇಕಲ್ಲ. ಹೊಟ್ಟೆಯಲ್ಲೇ ಬೆಸುಗೆ ಹಾಕಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ: ಬೋರಲು ಹಾಕಿದರೆ ನೀರಿನ ಕಾವಲು ತಾನಾಗಿಯೇ ಸಿಗುತ್ತದೆ. ಟಿಗ್ ವೆಲ್ಡಿಂಗ್ ಇರುವ ಕಡೆ ಆರ್ಗಾನ್ ಅನಿಲವನ್ನು ಟ್ಯಾಂಕಿನೊಳಗೂ ಹರಿಸುತ್ತಾರೆ, ಅದು ಇನ್ನೂ ಒಳ್ಳೆಯದು. ಕಾರಿನ ಸೈಲೆನ್ಸರ್ ಹೊಗೆ ಒಳಗೆ ಬಿಟ್ಟು ಬೆಸುಗೆ ಹಾಕುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಒಳಗೆ ಆಮ್ಲಜನಕ ಎಷ್ಟು ಉಳಿದಿದೆ ಎಂದು ಹೇಳುವವರು ಯಾರು? ಇಷ್ಟೆಲ್ಲ ಆದಮೇಲೂ ಇದು ಮನೆಯ ಅಂಗಳದ ಕೆಲಸವಲ್ಲ, ಟ್ಯಾಂಕ್ ಕೆಲಸ ಮಾಡಿ ಪಳಗಿದವರ ಕೆಲಸ.

ಬೆಸುಗೆ ಯಾವುದು ಎನ್ನುವುದನ್ನೂ ಮೊದಲೇ ತೀರ್ಮಾನಿಸಿ. ನಮ್ಮ ಕಡೆ ರೂಢಿಯಲ್ಲಿರುವುದು ಬಿಳಿಗಾರ ಹಾಕಿ ಮಾಡುವ ಹಿತ್ತಾಳೆ ಬ್ರೇಜಿಂಗ್. ಶಾಖ ಕಡಿಮೆ, ತಗಡು ಸೊಟ್ಟಗಾಗುವುದೂ ಕಡಿಮೆ. ಆದರೆ ಒಮ್ಮೆ ಹಿತ್ತಾಳೆ ಹರಿದ ಜಾಗಕ್ಕೆ ಮುಂದೆ ಟಿಗ್ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ, ಹಿತ್ತಾಳೆಯಲ್ಲಿರುವ ಸತುವು ಕುದಿದು ಬೆಸುಗೆಯನ್ನು ತೂತು ತೂತಾಗಿಸುತ್ತದೆ. ಬಿಳಿಗಾರದ ಗಾಜಿನಂಥ ಹಕ್ಕಳೆ ಒಳಗೆ ಉಳಿದರೆ ತೇವ ಹೀರಿ ಅಲ್ಲಿಂದಲೇ ತುಕ್ಕು ಶುರು. ಬಿಸಿನೀರಿನಲ್ಲಿ ನೆನೆಹಾಕಿ ತೆಗೆಯಲೇಬೇಕು.

ಕಾಲುವೆ ಆಳ ಮಾಡುವವರು ಇನ್ನೊಂದನ್ನು ಮರೆಯುತ್ತಾರೆ. ಕಾಲುವೆಯ ಎರಡು ಪಕ್ಕಕ್ಕೆ ಟ್ಯಾಂಕಿನ ಎರಡು ಜೋಲುಹೊಟ್ಟೆಗಳಿವೆ, ಕಾಕ್ ಇರುವುದು ಒಂದರಲ್ಲಿ. ಕಾಲುವೆ ಎಷ್ಟು ಆಳವಾಗುತ್ತದೋ ನಡುವಿನ ಗೋಡೆ ಅಷ್ಟು ಎತ್ತರವಾಗುತ್ತದೆ, ಆಚೆ ಹೊಟ್ಟೆಯ ಪೆಟ್ರೋಲ್ ಅಲ್ಲೇ ಉಳಿಯುತ್ತದೆ. ಕುಲುಕಿದರೆ ಸದ್ದು ಬರುತ್ತದೆ, ಗಾಡಿ ಮಾತ್ರ ನಿಂತಿರುತ್ತದೆ. ಎರಡೂ ಹೊಟ್ಟೆಗೆ ಅಡಿಯಿಂದ ಒಂದು ಸಣ್ಣ ಪೈಪು ಜೋಡಿಸಿದರೆ ಸಮಸ್ಯೆ ತೀರಿತು. ಪೆಟ್ರೋಲ್ ಇಳಿದುಬರುವುದು ತನ್ನ ಭಾರದಿಂದಲೇ ಆದ್ದರಿಂದ ಟ್ಯಾಂಕಿನ ತಳ ಕಾರ್ಬ್ಯುರೇಟರಿನ ಬಟ್ಟಲಿಗಿಂತ ಮೇಲಿರಬೇಕು, ಕ್ಯಾಪಿನ ಗಾಳಿತೂತು ತೆರೆದಿರಬೇಕು.

ಸೋರಿಕೆ ಹಿಡಿಯಲು ಹಳೆ ಕಾಲದ ವಿಧಾನವನ್ನು ಮೀರಿಸಿದ್ದು ನಾನು ನೋಡಿಲ್ಲ. ಬೆಸುಗೆಯ ಹೊರಗಡೆ ಸೀಮೆಸುಣ್ಣವನ್ನು ನೀರಿನಲ್ಲಿ ಕಲಸಿ ತೆಳ್ಳಗೆ ಬಳಿದು ಒಣಗಲು ಬಿಡಿ. ಒಳಗೆ ಸೀಮೆಎಣ್ಣೆ ಹಾಕಿ ಬೆಸುಗೆ ಮುಳುಗುವಂತೆ ಟ್ಯಾಂಕನ್ನು ಓರೆ ಮಾಡಿ ನಿಲ್ಲಿಸಿ. ಸಂಜೆ ಇಟ್ಟು ಬೆಳಗ್ಗೆ ನೋಡಿದರೆ ಸೂಜಿ ಮೊನೆಯಷ್ಟು ತೂತು ಇದ್ದರೂ ಬಿಳಿ ಸುಣ್ಣದ ಮೇಲೆ ಬೂದುಬಣ್ಣದ ಕಲೆ ಎದ್ದು ಕಾಣುತ್ತದೆ. ಗಾಳಿ ತುಂಬಿ ಸೋಪುನೀರು ಹಚ್ಚುವುದಾದರೆ ಎರಡು ಮೂರು ಪಿಎಸ್‌ಐ ಮೀರಬೇಡಿ. ಟೈರಿನ ಲೆಕ್ಕದಲ್ಲಿ ಕಂಪ್ರೆಸರ್ ಬಿಟ್ಟರೆ ಜತನ ಮಾಡಿದ ನೆತ್ತಿಯೇ ಉಬ್ಬಿಬಿಡುತ್ತದೆ.

ಒಳಗಿನ ತುಕ್ಕಿಗೆ ವಾಷಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರ್, ಒಂದು ಕಬ್ಬಿಣದ ಸರಳು ಸಾಕು. ಟ್ಯಾಂಕಿಗೆ ನೆಗೆಟಿವ್, ಸರಳಿಗೆ ಪಾಸಿಟಿವ್. ಸರಳು ಟ್ಯಾಂಕಿಗೆ ತಾಗಬಾರದು. ಸ್ಟೀಲ್ ಚಮಚ, ಸ್ಟೀಲ್ ಸರಳು ಬಳಸಬೇಡಿ, ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಹೊರಬರುವುದು ಹೈಡ್ರೋಜನ್, ಹಾಗಾಗಿ ಬಯಲಲ್ಲಿ ಮಾಡಿ, ಪೆಟ್ರೋಲ್ ವಾಸನೆ ಪೂರ್ತಿ ಹೋದ ಮೇಲೆ ಮಾಡಿ. ತೊಳೆದು ತಕ್ಷಣ ಒಣಗಿಸಿ ಟು-ಸ್ಟ್ರೋಕ್ ಎಣ್ಣೆ ಸವರಿಬಿಡಿ, ಇಲ್ಲವಾದರೆ ಒಂದೇ ರಾತ್ರಿಯಲ್ಲಿ ಕೇಸರಿ ಬಣ್ಣದ ಹೊಸ ತುಕ್ಕು ಹಿಡಿಯುತ್ತದೆ.

ಈಗಿನ ಪೆಟ್ರೋಲಿಗೆ ಟ್ಯಾಂಕಿನ ಒಳಮೈ ಕಾಪಾಡುವುದು ಇನ್ನೂ ಮುಖ್ಯ. ಬಂಕಿನಲ್ಲಿ ಸಿಗುವುದರಲ್ಲಿ ಶೇಕಡಾ 20ರವರೆಗೆ ಎಥನಾಲ್. ಅದು ತೇವವನ್ನು ಹೀರುತ್ತದೆ, ಹಳೆ ಎಪಾಕ್ಸಿ ಲೇಪನವನ್ನು ಕರಗಿಸಿ ಲೋಳೆಯಂತೆ ಜೆಟ್‌ಗೆ ಇಳಿಸುತ್ತದೆ. ನೀರು ಹೆಚ್ಚಾದರೆ ಎಥನಾಲೂ ನೀರೂ ಸೇರಿ ಬೇರೆಯಾಗಿ ತಳಕ್ಕಿಳಿಯುತ್ತವೆ, ಕಾಕ್ ಮೊದಲು ಎಳೆಯುವುದೂ ತಳದ್ದನ್ನೇ. ಆ ಪದರದಲ್ಲಿ ಟು-ಸ್ಟ್ರೋಕ್ ಎಣ್ಣೆ ಇರುವುದಿಲ್ಲ. ಲೀಟರಿಗೆ 40 ಮಿಲಿ ಎಣ್ಣೆ ಅಳೆದು ಹಾಕಿದ್ದರೂ ಪಿಸ್ಟನ್ ಒಣಗಿ ಜಾಮ್ ಆಗಬಹುದು. ವಾರಗಟ್ಟಲೆ ಗಾಡಿ ತೆಗೆಯದವರು ಟ್ಯಾಂಕನ್ನು ಅರೆಖಾಲಿ ಬಿಡಬೇಡಿ.

ಕಾಗದದ ವಿಚಾರ ಎರಡು ಮಾತಿನಲ್ಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಬಣ್ಣವೂ ಆರ್‌ಸಿಯಲ್ಲಿ ಇರುವ ವಿವರವೇ. ಐವತ್ತು ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ಗಾಡಿಗಳಿಗೆ 2021ರಿಂದ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಇದೆ. ಅರವತ್ತರ ದಶಕದ ಪೂರ್ತಿ ಜಾವಾ ಯಾರ ಮನೆಯಲ್ಲಾದರೂ ಇದ್ದರೆ ಅದರ ಟ್ಯಾಂಕ್ ಬಿಚ್ಚಿ ಪ್ರಾಜೆಕ್ಟಿಗೆ ಹಾಕುವ ಯೋಚನೆಯನ್ನೇ ಬಿಟ್ಟುಬಿಡಿ.

ಬಣ್ಣವನ್ನು ಬೇಸಿಗೆಯಲ್ಲೇ ಮುಗಿಸಿ. ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ, ಅಷ್ಟರೊಳಗೆ ಆಗಬೇಕು ಎಂದು ಆಷಾಢದ ಥಂಡಿಯಲ್ಲಿ ಹೊಡೆಸಿದರೆ ಬಣ್ಣ ಮಂಜು ಕಟ್ಟಿದಂತೆ ಬೆಳ್ಳಗಾಗುತ್ತದೆ. ಬಂಗಾರದ ಗೆರೆಗೆ ಸ್ಟಿಕರ್ ಬೇಡ. ಬೋರ್ಡ್ ಬರೆಯುವ ಕಲಾವಿದರು ಊರಿನಲ್ಲಿ ಇನ್ನೂ ಇದ್ದಾರೆ. ಉದ್ದ ಕೂದಲಿನ ಬ್ರಷ್ ಹಿಡಿದು, ಕಿರುಬೆರಳನ್ನು ಟ್ಯಾಂಕಿಗೆ ಊರಿ, ಉಸಿರು ಹಿಡಿದು ಒಂದೇ ಎಳೆತಕ್ಕೆ ಗೆರೆ ಎಳೆಯುತ್ತಾರೆ. ಅವರು ಕೇಳಿದಷ್ಟು ಕೊಡಿ.

ಟ್ಯಾಂಕ್ ಕೂರಿಸಿ ಓಡಿಸಿದ ಮೊದಲ ವಾರ ಕಾಕ್ ಬಿಚ್ಚಿ ಜಾಲರಿ ನೋಡುತ್ತಿರಿ. ಕಂದು ಪುಡಿ ಬರುತ್ತಿದ್ದರೆ ತುಕ್ಕು ಪೂರ್ತಿ ಹೋಗಿಲ್ಲ ಎಂದರ್ಥ. ಕೊನೆಯದಾಗಿ, ಮನೆಯ ಹತ್ತಿರದ ರಸ್ತೆಯಲ್ಲೇ ಕಾಕನ್ನು ಮೇನ್‌ನಲ್ಲಿಟ್ಟು ಗಾಡಿ ಮುಗ್ಗರಿಸುವವರೆಗೆ ಓಡಿಸಿ, ತಂಪಾದ ಮೇಲೆ ರಿಸರ್ವ್‌ಗೆ ತಿರುಗಿಸಿ, ಉಳಿದದ್ದನ್ನು ಪೂರ್ತಿ ಡಬ್ಬಿಗೆ ಇಳಿಸಿ ಅಳೆಯಿರಿ. ಹೊಟ್ಟೆ ಬದಲಾದ ಟ್ಯಾಂಕಿನ ರಿಸರ್ವ್ ಎಷ್ಟೆಂದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಆ ಅಳತೆ ಕೈಗೆ ಬಂದ ಮೇಲೆ ನಂಜನಗೂಡು ರಸ್ತೆಗೆ ಇಳಿಸಿ.