ಮಾಳಿಗೆಯ ಕೆಳಗೊಂದು ಗಿಟಾರ್

ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಹಾಡಬಹುದೇ ಎಂಬ ಪ್ರಶ್ನೆಗೆ ರಘು ದೀಕ್ಷಿತ್ 2008ರಲ್ಲೇ ಹಾಡಿ ಉತ್ತರ ಕೊಟ್ಟಿದ್ದಾರೆ. ಆದರೆ ಕೇಳುಗರ ನಡುವಿನ ಜಗಳ ಇನ್ನೂ ಮುಗಿದಿಲ್ಲ. ವಿಶಾಲ್-ಶೇಖರ್ ಜೋಡಿ ತಮ್ಮ ಹೊಸ ಕಂಪೆನಿಯಿಂದ ಹೊರತಂದ, ಗಾಯಕನ ಹೆಸರನ್ನೇ ಹೊತ್ತ ಆ ಮೊದಲ ಆಲ್ಬಮ್ಮಿನಲ್ಲಿ ಎಂಟು ಹಾಡುಗಳಿವೆ. ಹೆಚ್ಚಿನವು ಹಿಂದಿಯವು. ಕನ್ನಡದ ಪಾಲಿಗೆ ಬಂದದ್ದು ಎರಡೇ: 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನೆಯ ಮಾಳಿಗಿ'. ಎರಡೂ ಶರೀಫರವು. ಆಲ್ಬಮ್ಮಿನ ಉಳಿದ ಹಾಡುಗಳು ಮರೆತುಹೋದವರಿಗೂ ಈ ಎರಡು ನೆನಪಿವೆ.

ನಮ್ಮ ಮಂಗಳೂರಿನಲ್ಲಿ ಈ ಹಾಡುಗಳ ಬಗ್ಗೆ ನಾವು ಕೇಳಿಸಿಕೊಂಡ ಮಾತುಗಳು ಬಗೆಬಗೆಯವು. ಸಿ. ಅಶ್ವತ್ಥರ ಕ್ಯಾಸೆಟ್ ಕೇಳಿ ಬೆಳೆದ ಹಿರಿಯರು, "ಶರೀಫರಿಗೆ ಜೀನ್ಸ್ ತೊಡಿಸಿಬಿಟ್ಟರು" ಎನ್ನುತ್ತಾರೆ. ಕಾಲೇಜಿನ ಹುಡುಗರಿಗೆ ಅಶ್ವತ್ಥರೇ ದೂರ, ಅವರಿಗೆ ಶರೀಫರು ಸಿಕ್ಕಿದ್ದು ಗಿಟಾರಿನ ಮೂಲಕ. ಹುಬ್ಬಳ್ಳಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಪರಿಚಿತರೊಬ್ಬರದು ಇನ್ನೊಂದೇ ತಕರಾರು: "ಮಾತು ಸರಿಯಾಗಿದೆ, ಮಣ್ಣಿನ ವಾಸನೆ ಇಲ್ಲ." ವಾದ್ಯವೇ ಸಲ್ಲದು ಎನ್ನುವವರೂ ನಮ್ಮಲ್ಲಿದ್ದಾರೆ. ಅದು ಬೇರೆಯೇ ಚರ್ಚೆ, ಇಲ್ಲಿ ಅದಕ್ಕೆ ಕೈಹಾಕುವುದಿಲ್ಲ.

ಗಿಟಾರನ್ನು ಹಿಡಿದು ಜಗಳವಾಡುವುದರಲ್ಲಿ ಅರ್ಥವಿಲ್ಲ ಎಂದು ನಮಗನ್ನಿಸುತ್ತದೆ. ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. ಪಿಟೀಲು ಬಂದದ್ದೂ ಅಲ್ಲಿಂದಲೇ. ಏಕತಾರಿ, ದಮ್ಮಡಿ ಹಿಡಿದು ರಾತ್ರಿಯಿಡೀ ಹಾಡುವ ಹಳ್ಳಿಯ ತತ್ವಪದಕಾರರ ಮುಂದೆ ಅಶ್ವತ್ಥರ ಸುಗಮ ಸಂಗೀತವೂ ಪೇಟೆಯದೇ. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ 1990ರಲ್ಲಿ ಬಂದಾಗ ಆ ಸಂಗೀತ ಮನೆಮನೆಗೆ ಮುಟ್ಟಿತು. ಇಂದು ಅದನ್ನೇ ನಾವು 'ಮೂಲ' ಎಂದು ಕರೆಯುತ್ತಿದ್ದೇವೆ. 1889ರಲ್ಲಿ ತೀರಿಕೊಂಡ ಶರೀಫರು ಯಾವ ಮಟ್ಟಿನಲ್ಲಿ ಹಾಡಿದರೋ ಯಾರೂ ರೆಕಾರ್ಡ್ ಮಾಡಿಟ್ಟಿಲ್ಲ. ಪದ ಬಾಯಿಂದ ಬಾಯಿಗೆ ಬಂದಿದೆ, ಬಂದ ದಾರಿಯಲ್ಲೆಲ್ಲ ದನಿ ಬದಲಾಗಿದೆ.

ಕೇಳಬೇಕಾದ ಪ್ರಶ್ನೆ ಗಿಟಾರ್ ಇದೆಯೇ ಎಂಬುದಲ್ಲ, ಮಾತಿಗೆ ಎಷ್ಟು ಜಾಗ ಉಳಿದಿದೆ ಎಂಬುದು. 'ಗುಡುಗುಡಿ' ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಅದು ಮೊದಲೇ ತುಂಟ ಪದ. ಹುಕ್ಕಾ ಸೇದೋ ಎಂದು ಕರೆದು, ಹೊಗೆಯ ನೆಪದಲ್ಲಿ ದೇಹ, ಮನಸ್ಸುಗಳ ಲೆಕ್ಕ ಒಪ್ಪಿಸುವಂಥದ್ದು. ಗಿಟಾರಿನ ಓಟ, ಡ್ರಮ್ಮಿನ ಪೆಟ್ಟು ಆ ತುಂಟತನಕ್ಕೆ ಒಪ್ಪುತ್ತವೆ. ಕುಣಿಯುವವನು ಕುಣಿಯಲಿ, ಒಗಟು ಆಮೇಲೆ ಕಚ್ಚುತ್ತದೆ. ಅದನ್ನು ಬರೀ ಹೊಗೆಬತ್ತಿಯ ಹಾಡೆಂದು ತಿಳಿದ ಹುಡುಗರೂ ಇದ್ದಾರೆ. ಆ ಅಪಾಯವನ್ನು ಪದ ಕಟ್ಟಿದವರೇ ತಲೆಯ ಮೇಲೆ ಹೊತ್ತುಕೊಂಡಿದ್ದರು, ಗಾಯಕನನ್ನು ದೂರಿ ಪ್ರಯೋಜನವಿಲ್ಲ.

'ಸೋರುತಿಹುದು' ಹಾಗಲ್ಲ. ಇಲ್ಲಿ ಕರಾವಳಿಯ ಕೇಳುಗರಿಗೆ ಒಂದು ಮಾತು ಹೇಳಬೇಕು. ನಮ್ಮದು ಹೆಂಚಿನ ಊರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಂದಿನಿಂದ ಸೋರಿಕೆ ಎಂದರೆ ನಮಗೆ ಒಡೆದ ಒಂದು ಹೆಂಚು, ಏಣಿ ಇಟ್ಟು ಬದಲಿಸಿದರಾಯಿತು. ಮಾಳಿಗೆ ಎಂದರೆ ನಮ್ಮಲ್ಲಿ ಮಹಡಿ. ಶರೀಫರ ಶಿಗ್ಗಾಂವಿ ಸೀಮೆಯ ಮಾಳಿಗೆ ಮಣ್ಣಿನ ಮಟ್ಟಸ ಚಾವಣಿ. ಅದು ಸೋರಿದರೆ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದೇ ಕಷ್ಟ. ಒಳಗಿನ ತೊಲೆ ಕೊಳೆತಿರುತ್ತದೆ, ಹತ್ತಿ ಸರಿಪಡಿಸಹೋದರೆ ಕುಸಿಯುವ ಭಯ. ಅಜ್ಞಾನದ ಮಾಳಿಗೆ ಅಂಥದ್ದು. ಆ ದಿಗಿಲು ತಟ್ಟಬೇಕಾದರೆ ಹಾಡಿನಲ್ಲಿ ಖಾಲಿ ಜಾಗ ಬೇಕು, ಹನಿ ಬೀಳುವ ಸದ್ದು ಕೇಳುವಷ್ಟು.

ದೀಕ್ಷಿತರ ಕಂಠ ಈ ಪದಕ್ಕೆ ಹೇಳಿ ಮಾಡಿಸಿದಂತಿದೆ, ಅದನ್ನು ಒಪ್ಪಲೇಬೇಕು. ಪಿಟೀಲೂ ನೋವನ್ನು ಬಲ್ಲದು. ಆದರೆ ಧ್ವನಿಮುದ್ರಣ ಬಹಳ ಅಚ್ಚುಕಟ್ಟು. ಹಾಡು ಮುಂದುವರಿದಂತೆ ದನಿಯೂ ವಾದ್ಯಗಳೂ ಸೇರಿ ಏರುತ್ತವೆ, ಎಲ್ಲೂ ಬಿರುಕಿಲ್ಲ. ಸೋರುವ ಮನೆಯ ಹಾಡನ್ನು ಒಂದು ಹನಿಯೂ ಸೋರದ ಕೋಣೆಯಲ್ಲಿ ಕೂತು ಕೇಳಿದಂತೆ ನಮಗಾಯಿತು. ಹುಬ್ಬಳ್ಳಿಯ ಪರಿಚಿತರು ಮಣ್ಣಿನ ವಾಸನೆ ಎಂದದ್ದು ಇದನ್ನೇ ಇರಬೇಕು. ಇದನ್ನೇ ಸಿಟಿ ಬಸ್ಸಿನ ಸ್ಪೀಕರಿನಲ್ಲಿ ಕೇಳಿದರೆ ಕತೆ ಇನ್ನೂ ಬೇರೆ, ಅಲ್ಲಿ ಬೇಸಿನ ಗುದ್ದು ಅಕ್ಷರಗಳನ್ನೇ ನುಂಗುತ್ತದೆ!

ಗಿಟಾರ್ ಕಲಿಯುವ ಒಬ್ಬ ತರುಣ ಇದನ್ನು 'ಕನ್ನಡದ ಬ್ಲೂಸ್' ಎಂದ. ಅವನ ಮಾತಿನಲ್ಲಿ ಅವನಿಗೆ ತಿಳಿದದ್ದಕ್ಕಿಂತ ಹೆಚ್ಚು ಅರ್ಥವಿದೆ. ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣದ ಕಪ್ಪು ಜನರ ನಡುವೆ, ಗುಲಾಮಗಿರಿಯ ನೆನಪಿನಿಂದ. ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ಆ ಗುಲಾಮರಲ್ಲಿ ಮುಸ್ಲಿಮರೂ ಬಹಳಷ್ಟಿದ್ದರು. ಅವರ ಬಾಂಗಿನ, ಪಠಣದ ಎಳೆದ ದನಿ ಹೊಲದ ಕೂಗುಗಳಲ್ಲಿ ಉಳಿದು ಬ್ಲೂಸಿಗೆ ಬಂದಿದೆ ಎಂದು ಸಿಲ್ವಿಯಾನ್ ಡಿಯೂಫ್‌ರಂಥ ಇತಿಹಾಸಕಾರರು ವಾದಿಸಿದ್ದಾರೆ. ಹಾಗಾದರೆ ಇಮಾಮ್ ಸಾಹೇಬರ ಮಗ, ಗೋವಿಂದಭಟ್ಟರ ಶಿಷ್ಯ ಕಟ್ಟಿದ ಪದ ಗಿಟಾರಿನ ತಂತಿಗೆ ಪೂರಾ ಪರಕೀಯವೇನಲ್ಲ.

ಧ್ವನಿಮುದ್ರಣದ ವಿಷಯಕ್ಕೆ ಬಂದರೆ ನಮಗೆ ನೆನಪಾಗುವುದು ಬ್ಲೂಸ್ ಗಿಟಾರಿನ ರೈ ಕೂಡರ್ ಮತ್ತು ಮೋಹನವೀಣೆಯ ವಿಶ್ವಮೋಹನ ಭಟ್ಟರು ಜೊತೆಯಾಗಿ ನುಡಿಸಿದ 'ಎ ಮೀಟಿಂಗ್ ಬೈ ದ ರಿವರ್'. ಅದು ಹೊರಬಂದದ್ದು 1993ರಲ್ಲಿ, ಮರುವರ್ಷ ಗ್ರ್ಯಾಮಿ ಪಡೆಯಿತು. ಇಬ್ಬರೂ ಆಗಷ್ಟೇ ಭೇಟಿಯಾದವರು, ತಾಲೀಮು ಇರಲಿಲ್ಲ. ಶ್ರೀಲಂಕಾ ಮೂಲದ ಕವಿಚಂದ್ರನ್ ಅಲೆಕ್ಸಾಂಡರ್ ಅವರನ್ನು ಕ್ಯಾಲಿಫೋರ್ನಿಯಾದ ಒಂದು ಪ್ರಾರ್ಥನಾಲಯದಲ್ಲಿ ಕೂರಿಸಿ, ಮೈಕುಗಳ ಒಂದೇ ಜೋಡಿಯನ್ನು ಮುಂದಿಟ್ಟು ಮುದ್ರಿಸಿಕೊಂಡರು. ಆ ತಟ್ಟೆಯಲ್ಲಿ ತಂತಿಯ ಜೊತೆ ಕೋಣೆಯೂ ಕೇಳಿಸುತ್ತದೆ.

ದೀಕ್ಷಿತರ ಸಮರ್ಥಕರು ಹೇಳುವ ಒಂದು ಮಾತನ್ನು ತಳ್ಳಿಹಾಕುವಂತಿಲ್ಲ: ಅವರನ್ನು ವೇದಿಕೆಯಲ್ಲಿ ಕೇಳಬೇಕು. ತತ್ವಪದ ಒಬ್ಬ ಎತ್ತಿಕೊಟ್ಟು ಮೇಳ ಮರುನುಡಿಯುವ ಹಾಡು. ಅಶ್ವತ್ಥರ ಏರುದನಿಯಲ್ಲಿ ಆ ಬೀದಿಯ ಕೂಗು ಉಳಿದಿತ್ತು. ಸ್ಟುಡಿಯೋದಲ್ಲಿ ದೀಕ್ಷಿತರದು ಒಂಟಿ ಮನುಷ್ಯನ ನಿವೇದನೆಯಾಗುತ್ತದೆ, ವೇದಿಕೆಯಲ್ಲಿ ಜನರಿಂದ ಹಾಡಿಸಿ ಮೇಳವನ್ನು ಮರಳಿ ಪಡೆಯುತ್ತಾರೆ. ಕನ್ನಡದ ಒಂದಕ್ಷರ ತಿಳಿಯದ ವಿದೇಶದ ಸಭೆಗಳಲ್ಲೂ ಅವರು ಈ ಪದಗಳನ್ನು ಹಾಡಿದ್ದಾರೆ. 2013ರ 'ಜಗ್ ಚಂಗಾ' ಆಲ್ಬಮ್ಮಿನಲ್ಲಿ ಮತ್ತೆ ಶರೀಫರ 'ಲೋಕದ ಕಾಳಜಿ'ಯನ್ನು ಎತ್ತಿಕೊಂಡರು, ಎಂದರೆ ಇದು ಒಮ್ಮೆಯ ಶೋಕಿಯಲ್ಲ.

ಆದ್ದರಿಂದ ನಮ್ಮದೊಂದು ಬೇಡಿಕೆ. 'ಸೋರುತಿಹುದು' ಪದವನ್ನು ಅವರು ಇನ್ನೊಮ್ಮೆ ಮುದ್ರಿಸಲಿ. ಸ್ಟುಡಿಯೋ ಬೇಡ, ಶಿಶುನಾಳದ ಗದ್ದುಗೆಯ ಮುಂದಿನ ಬಯಲಿನಲ್ಲಿ, ಊರಿನ ಭಜನಾ ಮೇಳವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎರಡೇ ಮೈಕು ಇಟ್ಟು. ಗಿಟಾರ್ ಇರಲಿ.