ಗಂಡು ಕಣ್ಣು, ಹೆಣ್ಣು ಕಣ್ಣು: ಸರಾಸರಿ ಹೇಳುವುದೇನು?

ಸೋಸಲೆಯಿಂದ ಒಬ್ಬ ಅಜ್ಜ, ಒಬ್ಬ ಅಜ್ಜಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಹೊರಟರೆನ್ನಿ. ಮೊದಲು ಇಬ್ಬರ ಕಣ್ಣನ್ನೂ ಅಳೆಯುತ್ತಾರೆ. ಮುಖ್ಯ ಅಳತೆಗಳು ಎರಡು: ಕಾರ್ನಿಯದಿಂದ ಅಕ್ಷಿಪಟಲದವರೆಗಿನ ಅಕ್ಷೀಯ ಉದ್ದ ಮತ್ತು ಕಾರ್ನಿಯದ ಶಕ್ತಿ. ಮಂಜಾದ ಮಸೂರವನ್ನು ತೆಗೆದ ಜಾಗದಲ್ಲಿ ಕೂರಿಸುವ ಕೃತಕ ಮಸೂರದ ಶಕ್ತಿಯನ್ನು ಮುಖ್ಯವಾಗಿ ಇವೇ ನಿರ್ಧರಿಸುತ್ತವೆ.

ಈ ಅಳತೆಗಳನ್ನು ಗಂಡಸರು, ಹೆಂಗಸರು ಎಂದು ವಿಂಗಡಿಸಿ ಹೋಲಿಸುವ ಅಧ್ಯಯನಗಳು ಅನೇಕ ದೇಶಗಳಿಂದ ಬಂದಿವೆ. ಫಲಿತಾಂಶ ಬಹುಮಟ್ಟಿಗೆ ಒಂದೇ. ಹೆಂಗಸರ ಕಣ್ಣು ಸರಾಸರಿಯಲ್ಲಿ ಸುಮಾರು 0.5 ಮಿ.ಮೀ. ಗಿಡ್ಡ, ಅವರ ಕಾರ್ನಿಯದ ಶಕ್ತಿ ಸುಮಾರು ಅರ್ಧ ಡಯಾಪ್ಟರ್ ಹೆಚ್ಚು. ಇದರ ಬಗ್ಗೆ ನನ್ನ ತಕರಾರಿಲ್ಲ. ‘ವ್ಯತ್ಯಾಸ ಗಣನೀಯ’ ಎಂದು ಬರೆದು ಅಲ್ಲಿಗೇ ನಿಲ್ಲುವ ರೂಢಿಯ ಬಗ್ಗೆ ಇದೆ.

ಲೆಕ್ಕ ಮಾಡಿ ನೋಡೋಣ. ಸ್ಯಾಂಡರ್ಸ್, ರೆಟ್ಜ್‌ಲಾಫ್ ಮತ್ತು ಕ್ರಾಫ್ 1980ರ ಸುಮಾರಿಗೆ ರೂಪಿಸಿದ ಎಸ್‌ಆರ್‌ಕೆ ಸೂತ್ರ ಈಗ ಹಳೆಯದು, ಆದರೆ ಪಾಠಕ್ಕೆ ಅನುಕೂಲ:

ಮಸೂರದ ಶಕ್ತಿ = ಎ − (2.5 × ಉದ್ದ) − (0.9 × ಕಾರ್ನಿಯದ ಶಕ್ತಿ)

‘ಎ’ ಎಂಬುದು ಆಯಾ ಮಸೂರದ ಸ್ಥಿರಾಂಕ, 118.4 ಎಂದಿಟ್ಟುಕೊಳ್ಳಿ. ಅಜ್ಜನ ಕಣ್ಣು 23.0 ಮಿ.ಮೀ., ಕಾರ್ನಿಯ 44.0 ಡಯಾಪ್ಟರ್ ಆದರೆ ಉತ್ತರ 21.3. ಅಜ್ಜಿಯದು 22.5 ಮತ್ತು 44.5 ಆದರೆ ಉತ್ತರ 22.1. ಗಿಡ್ಡ ಕಣ್ಣು 1.25 ಡಯಾಪ್ಟರ್ ಏರಿಸಿತು. ಬಾಗು ಹೆಚ್ಚಾದ ಕಾರ್ನಿಯ 0.45 ಇಳಿಸಿತು. ಉಳಿದದ್ದು 0.8. ಎರಡು ವ್ಯತ್ಯಾಸಗಳು ಭಾಗಶಃ ಒಂದನ್ನೊಂದು ಅಳಿಸಿಹಾಕುತ್ತವೆ. ಎರಡನ್ನೂ ಬೇರೆ ಬೇರೆ ಕೋಷ್ಟಕಗಳಲ್ಲಿ ಕೊಟ್ಟರೆ ಈ ಸಂಗತಿ ಓದುಗರಿಗೆ ಕಾಣುವುದೇ ಇಲ್ಲ.

ಎರಡನೆಯ ಕೊರತೆ ಹರಡಿಕೆಯದು. ನಾಗಪುರದ ಗ್ರಾಮಾಂತರದಲ್ಲಿ 2006–08ರಲ್ಲಿ ನಡೆದ ಮಧ್ಯಭಾರತ ಕಣ್ಣು ಮತ್ತು ವೈದ್ಯಕೀಯ ಅಧ್ಯಯನದಲ್ಲಿ ಸರಾಸರಿ ಉದ್ದ 22.6 ಮಿ.ಮೀ., ಮಾನಕ ವಿಚಲನೆ ಸುಮಾರು 0.9 ಮಿ.ಮೀ. ಎರಡೂ ಗುಂಪುಗಳಲ್ಲಿ ಇಷ್ಟೇ ಹರಡಿಕೆಯಿರುವ ಸಾಮಾನ್ಯ ವಿತರಣೆಯನ್ನು ಭಾವಿಸಿ. ಮನಬಂದಂತೆ ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಆರಿಸಿದರೆ, ಸುಮಾರು ಮೂರು ಜೋಡಿಗಳಲ್ಲಿ ಒಂದರಲ್ಲಿ ಹೆಂಗಸಿನ ಕಣ್ಣೇ ಉದ್ದ! ಸಂಖ್ಯಾಶಾಸ್ತ್ರದ ‘ಗಣನೀಯ’ ಎಂಬ ಪದ ಮುಂದೆ ಕುಳಿತ ರೋಗಿಯ ಬಗ್ಗೆ ಏನನ್ನೂ ಖಚಿತಪಡಿಸದು.

ಮೂರನೆಯದು ಕಾರಣದ ಪ್ರಶ್ನೆ. ಎತ್ತರದ ವ್ಯಕ್ತಿಗಳ ಕಣ್ಣು ಸರಾಸರಿಯಲ್ಲಿ ಉದ್ದ; ಗಂಡಸರು ಸರಾಸರಿಯಲ್ಲಿ ಎತ್ತರ. ದೇಹದ ಎತ್ತರವನ್ನೇ ಅಳೆಯದೆ ಇಡೀ ವ್ಯತ್ಯಾಸವನ್ನು ಲಿಂಗದ ಲೆಕ್ಕಕ್ಕೆ ಬರೆಯುವುದು ಅವಸರದ ತೀರ್ಮಾನ.

ನಾಲ್ಕನೆಯದು ಉಪಕರಣ. ಬೆಳಕಿನಿಂದ ಅಳೆಯುವ ಯಂತ್ರ ಕಣ್ಣನ್ನು ಮುಟ್ಟುವುದಿಲ್ಲ. ಆದರೆ ಪೊರೆ ತೀರಾ ದಟ್ಟವಾಗಿದ್ದರೆ ಬೆಳಕು ಹಾಯದು. ಆಗ ಶ್ರವಣಾತೀತ ಧ್ವನಿಯೇ ಗತಿ. ಅದರ ಶಲಾಕೆ ಕಾರ್ನಿಯವನ್ನು 0.2 ಮಿ.ಮೀ. ಒತ್ತಿದರೂ ಮೇಲಿನ ಸೂತ್ರದಲ್ಲಿ 0.5 ಡಯಾಪ್ಟರ್ ತಪ್ಪು. ಯಾರನ್ನು ಯಾವ ಯಂತ್ರದಿಂದ ಅಳೆದರೆಂದು ಹೇಳದ ಹೋಲಿಕೆಗೆ ಬೆಲೆ ಕಡಿಮೆ.

ಹಾಗಾದರೆ ಈ ಅಧ್ಯಯನಗಳು ವ್ಯರ್ಥವೇ? ಅಲ್ಲ. ಅಳತೆಯನ್ನೇ ಮಾಡದೆ ಎಲ್ಲರಿಗೂ ಒಂದೇ ಶಕ್ತಿಯ ಮಸೂರ ಹಾಕಿದರೆ ನಷ್ಟ ಯಾರಿಗೆ ಎಂಬುದನ್ನು ಅವು ತೋರಿಸುತ್ತವೆ. ಗಂಡಸರ ಸರಾಸರಿಯ 21.3ನ್ನು ನಮ್ಮ ಅಜ್ಜಿಗೂ ಹಾಕಿದರೆ ಕನ್ನಡಕದ ಮಟ್ಟದಲ್ಲಿ ಸುಮಾರು ಅರ್ಧ ಡಯಾಪ್ಟರ್ ದೂರದೃಷ್ಟಿ ದೋಷ ಉಳಿಯುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುವಾಗ, ಹೂ ಕಟ್ಟುವಾಗ ಕನ್ನಡಕದ ಮೇಲಿನ ಅವಲಂಬನೆ ಅಷ್ಟು ಹೆಚ್ಚು. ಇತ್ತೀಚಿನ ಕೇನ್ ಸೂತ್ರ ರೋಗಿಯ ಲಿಂಗವನ್ನೂ ಒಂದು ದತ್ತವಾಗಿ ಪಡೆಯುತ್ತದೆ. ಆದರೆ ಅಳತೆಗಳ ಜೊತೆಗೆ, ಅವುಗಳ ಬದಲಿಗೆ ಅಲ್ಲ.

ಅಧ್ಯಾಪಕರು ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಬಹುದು. ಸರಾಸರಿ ಗುಂಪಿನದು, ಮಸೂರ ಒಂದೊಂದು ಕಣ್ಣಿನದು. ಅಜ್ಜಿಗೆ ಬೇಕಾದದ್ದು ‘ಹೆಂಗಸರ ಮಸೂರ’ವಲ್ಲ, ಅವಳ ಕಣ್ಣನ್ನೇ ಅಳೆದು ಆರಿಸಿದ ಮಸೂರ.