ಗಾಢನಿದ್ದೆಯ ಗೋಡೆಚೂರು

ನಿದ್ದೆಗೆಡಿಸಿದ ಮೇಕೆಗಳ ಮಿದುಳುದ್ರವವನ್ನು ಬೆಕ್ಕುಗಳ ಮಿದುಳಿಗೆ ಸೇರಿಸಿದರೆ ಬೆಕ್ಕುಗಳೂ ತೂಕಡಿಸುತ್ತವೆ ಎಂದು ಹಾರ್ವರ್ಡ್‌ನ ಜಾನ್ ಪ್ಯಾಪನ್‌ಹೈಮರ್ 1967ರಲ್ಲಿ ತೋರಿಸಿದರು. ಆ ದ್ರವದಲ್ಲಿದ್ದ ವಸ್ತುವಿಗೆ ‘ಫ್ಯಾಕ್ಟರ್ ಎಸ್’ ಎಂದು ಹೆಸರಾಯಿತು. ಅದನ್ನು ಶುದ್ಧೀಕರಿಸಲು ಅವರು, ಜೇಮ್ಸ್ ಕ್ರೂಗರ್ ಮತ್ತು ಮ್ಯಾನ್‌ಫ್ರೆಡ್ ಕಾರ್ನೊವ್ಸ್ಕಿ ಜೊತೆಗೂಡಿ ಸಾವಿರಾರು ಲೀಟರ್ ಮಾನವ ಮೂತ್ರವನ್ನು ಸೋಸಬೇಕಾಯಿತು. ಸಿಕ್ಕಿದ್ದು ಕೆಲವೇ ಮೈಕ್ರೋಗ್ರಾಂ. ಇಷ್ಟು ಹಟ ಹಿಡಿದ ಸಂಶೋಧನೆ ಅಪರೂಪ.

1982ರ ಹೊತ್ತಿಗೆ ಬಂದ ಉತ್ತರ ಮುಜುಗರದ್ದೇ ಆಗಿತ್ತು. ಮಿದುಳೇ ತಯಾರಿಸುವ ವಸ್ತು ಎಂದುಕೊಂಡದ್ದು ಮ್ಯುರಮೈಲ್ ಪೆಪ್ಟೈಡ್, ಅಂದರೆ ಬ್ಯಾಕ್ಟೀರಿಯಾದ ಕೋಶಗೋಡೆಯ ಚೂರು. ಅದರಲ್ಲಿರುವ ಮ್ಯುರಾಮಿಕ್ ಆಮ್ಲವನ್ನು ಸಸ್ತನಿಗಳ ದೇಹ ತಯಾರಿಸುವುದೇ ಇಲ್ಲ.

ಈ ಕಥೆಯಲ್ಲಿ ಗಟ್ಟಿಯಾದದ್ದು ರಸಾಯನ ಭಾಗ. ಇದೇ ಕುಟುಂಬದ ಪುಟ್ಟ ಸದಸ್ಯ ಮ್ಯುರಮೈಲ್ ಡೈಪೆಪ್ಟೈಡ್: ಒಂದು ಸಕ್ಕರೆ, ಅದಕ್ಕೆ ಅಂಟಿದ ಎರಡು ಅಮೈನೊ ಆಮ್ಲ. ಮೊದಲನೆಯದು ಎಲ್-ಅಲನಿನ್, ಎರಡನೆಯದು ಡಿ-ಐಸೊಗ್ಲುಟಮಿನ್. ಎಲ್ ಮತ್ತು ಡಿ ಒಂದಕ್ಕೊಂದು ಕನ್ನಡಿಬಿಂಬದಂಥ ರೂಪಗಳು; ನಮ್ಮ ಪ್ರೋಟೀನುಗಳು ಎಲ್-ರೂಪದ ಅಮೈನೊ ಆಮ್ಲಗಳಿಂದಲೇ ಕಟ್ಟಿದವು. ಆ ‘ಡಿ’ಯೇ ಹೊರಗಿನವರ ಗುರುತು. ಅದರ ಜಾಗದಲ್ಲಿ ಎಲ್-ರೂಪ ಇಟ್ಟರೆ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ತೊಡಿಸಿದ ಹಾಗೆ: ಪರಮಾಣುಗಳೆಲ್ಲ ಅವೇ, ಆದರೆ ಈ ಚೂರಿನ ಗ್ರಾಹಿ ಎಂದು 2003ರಲ್ಲಿ ಗೊತ್ತಾದ ನಾಡ್-2 ಅದನ್ನು ಗುರುತಿಸುವುದಿಲ್ಲ. ಸರಿಯಾದ ರೂಪ ಸಿಕ್ಕರೆ ಪ್ರತಿರಕ್ಷಣಾ ಕೋಶಗಳು ಇಂಟರ್‌ಲ್ಯೂಕಿನ್-1ರಂಥ ಸಂದೇಶವಾಹಕಗಳನ್ನು ಹೊರಬಿಡುತ್ತವೆ. ಇಂಟರ್‌ಲ್ಯೂಕಿನ್-1 ಜ್ವರವನ್ನೂ ತರುತ್ತದೆ, ಗಾಢನಿದ್ದೆಯನ್ನೂ ಹೆಚ್ಚಿಸುತ್ತದೆ.

ಹಾಗಾದರೆ ಇದು ಬರಿಯ ಜ್ವರದ ಮಂಪರೇ? ಕ್ರೂಗರ್ ತಂಡಕ್ಕೂ ಈ ಸಂಶಯ ಬಂತು. ಗೋಡೆಚೂರಿನ ಜೊತೆಗೆ ಜ್ವರ ಇಳಿಸುವ ಔಷಧವಾದ ಪ್ಯಾರಸಿಟಮಾಲ್ ಕೊಟ್ಟಾಗ ಮೊಲಗಳ ಮೈ ಬಿಸಿಯೇರಲಿಲ್ಲ, ಆದರೂ ಹೆಚ್ಚುವರಿ ನಿದ್ದೆ ಉಳಿಯಿತು. ಇಡೀ ಸಂಶೋಧನೆಯಲ್ಲಿ ಅತ್ಯಂತ ಜಾಣ ಪ್ರಯೋಗ ಇದೇ.

ಆದರೆ ಇಲ್ಲಿಂದ ‘ಬ್ಯಾಕ್ಟೀರಿಯಾಗಳೇ ನಮ್ಮನ್ನು ಮಲಗಿಸುತ್ತವೆ’ ಎಂಬಲ್ಲಿಗೆ ಜಿಗಿಯುವುದು ಅವಸರ. ಸೂಕ್ಷ್ಮಜೀವಿಗಳೇ ಇಲ್ಲದಂತೆ ಸಾಕಿದ ಇಲಿಗಳೂ ನಿದ್ದೆ ಮಾಡುತ್ತವೆ. ಮೂತ್ರವಂತೂ ಬ್ಯಾಕ್ಟೀರಿಯಾ ಸುಲಭವಾಗಿ ಬೆರೆಯುವ ದ್ರವ. ಸಿಕ್ಕ ಚೂರು ದೇಹದ್ದೋ ಡಬ್ಬಿಯದ್ದೋ ಎಂಬ ಅನುಮಾನ ಸಹಜ. 2025ರಲ್ಲಿ ಕ್ರೂಗರ್ ಈಗಿರುವ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಿಂದ ಬಂದ ವರದಿ ಆ ಅನುಮಾನವನ್ನು ಸ್ವಲ್ಪ ತಗ್ಗಿಸುತ್ತದೆ: ಇಲಿಗಳ ಮಿದುಳಿನಲ್ಲೇ ಗೋಡೆಚೂರು ಸಿಕ್ಕಿದೆ, ಹಗಲು-ರಾತ್ರಿ ಮತ್ತು ನಿದ್ದೆಗೇಡಿಗೆ ತಕ್ಕಂತೆ ಅದರ ಮಟ್ಟ ಬದಲಾಗಿದೆ. ಆದರೆ ಮಟ್ಟ ಬದಲಾದದ್ದು ನಿದ್ದೆಗೆ ಕಾರಣವೋ ಫಲವೋ ಎಂದು ಹೇಳಲು ಆ ಅಳತೆಯೊಂದೇ ಸಾಲದು. ಮಿದುಳಿನಲ್ಲಿರುವ ಚೂರುಗಳನ್ನು ತಡೆದು, ಗ್ರಾಹಿಗಳನ್ನು ಮುಚ್ಚಿ, ಸಹಜ ನಿದ್ದೆ ಎಷ್ಟು ಕಡಿಮೆಯಾಗುತ್ತದೆಂದು ಅಳೆಯಬೇಕು.